ಬುಟ್ಟಿಯ ತಳದ ಮೀನು

ಸ್ವರ್ಣಲತಾಳಿಗೆ ಹುಟ್ಟಿನಿಂದಲೇ ಬಂದ ಒಂದು ಕಾಯಿಲೆ ಇತ್ತು. ಕಾರಣ ತಿಳಿಯದ ಯಾವ ಸಂಗತಿಯನ್ನೂ ಹಾಗೇ ಬಿಟ್ಟುಬಿಡುವುದು ಅವಳಿಂದ ಆಗುತ್ತಿರಲಿಲ್ಲ. ಪಕ್ಕದ ಮನೆಯ ಕುಕ್ಕರ್ ಎರಡು ಸೀಟಿಯ ಬದಲು ಮೂರು ಹಾಕಿದರೆ ಅಲ್ಲಿ ಇವತ್ತು ಏನು ಬೇಯುತ್ತಿದೆ ಎಂದು ಗೊತ್ತಾಗುವ ತನಕ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಕುದ್ರೋಳಿಯ ಸಣ್ಣ ಮಾರ್ಕೆಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೀನಿನ ಬುಟ್ಟಿ ಇಟ್ಟುಕೊಂಡು ಕೂತವಳು ಅವಳು. ಗಿರಾಕಿ ಮೀನಿನ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ಎಂದು ನೋಡುವಷ್ಟರಲ್ಲಿ, ಇವಳು ಆ ಗಿರಾಕಿಯ ಮನೆಗೆ ನೆಂಟರು ಬಂದಿದ್ದಾರೋ, ಅತ್ತೆ ಸೊಸೆಗೆ ಮಾತು ನಿಂತಿದೆಯೋ ಎಲ್ಲವನ್ನೂ ತಿಳಿದು ಮುಗಿಸಿರುತ್ತಿದ್ದಳು. ಇಂಥವಳ ಗಂಡನಿಗೇ ಕೆಮ್ಮು ಹಿಡಿದು, ಎರಡೂವರೆ ತಿಂಗಳಾದರೂ ಯಾಕೆಂದು ಗೊತ್ತಾಗದೆ ಹೋದರೆ ಅವಳಿಗೆ ಹೇಗಾಗಬೇಡ!

ಗಂಡ ಯಾದವ ಕರ್ಕೇರ ದಕ್ಕೆಯಲ್ಲಿ ಮೀನಿನ ಏಲಂ ಕೂಗುವವನು. ಬೆಳಕು ಹರಿಯುವಾಗ ಬೋಟುಗಳು ಬಂದು ನಿಂತು, ಬುಟ್ಟಿಗಳು ಸಾಲಾಗಿ ಕೆಳಗಿಳಿದ ಮೇಲೆ ಅವನ ಕೆಲಸ ಶುರು. ಅವನು ಸ್ವರ ತೆಗೆದನೆಂದರೆ ದಕ್ಕೆಯ ಆ ತುದಿಯಲ್ಲಿ ಚಾ ಕುಡಿಯುವವರಿಗೂ ಬಂಗುಡೆಯ ದರ ಗೊತ್ತಾಗುತ್ತಿತ್ತು. ಆದರೆ ಅವನಿಗೆ ಹೆಸರು ಬಂದದ್ದು ಸ್ವರದಿಂದಲ್ಲ, ಕೈಯಿಂದ. ಬುಟ್ಟಿ ತುಂಬಿಸುವವರು ಒಳ್ಳೆಯ ಮೀನನ್ನು ಮೇಲೆ ಜೋಡಿಸಿ ಮೆತ್ತಗಾದದ್ದನ್ನು ಕೆಳಗೆ ಅಡಗಿಸುವುದು ದಕ್ಕೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಳ್ಳತನ. ಯಾದವ ಕೂಗುವ ಮೊದಲು ಮೊಣಕೈ ತನಕ ತೋಳನ್ನು ಬುಟ್ಟಿಯೊಳಗೆ ಇಳಿಸಿ, ತಳದ ಒಂದು ಮೀನನ್ನು ಎಳೆದು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಅದರ ಕಿವಿರು ಬಿಡಿಸಿ ಹಿಡಿಯುತ್ತಿದ್ದ. ಬೋಟಿನವರು ಕೆಲವೊಮ್ಮೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಕೊಳ್ಳುವವರು ಮಾತ್ರ ಅವನು ಕೂಗಿದ ಬುಟ್ಟಿಯನ್ನು ಇನ್ನೊಮ್ಮೆ ಕೆದಕಿ ನೋಡುತ್ತಿರಲಿಲ್ಲ.

ಕೆಮ್ಮು ಶುರುವಾದದ್ದು ದಸರಾದ ಹೊತ್ತಿಗೆ, ಒಂದು ಸಣ್ಣ ಶೀತದ ಜೊತೆ. ಶೀತ ನಾಲ್ಕು ದಿನದಲ್ಲಿ ಹೋಯಿತು, ಕೆಮ್ಮು ಉಳಿಯಿತು. ಒಣಕೆಮ್ಮಲ್ಲ, ಕಫದ ಕೆಮ್ಮು. ಬೆಳಿಗ್ಗೆ ಎದ್ದ ಕೂಡಲೇ ಯಾದವ ಹಿತ್ತಿಲಿನ ತೆಂಗಿನ ಬುಡಕ್ಕೆ ಹೋಗಿ, ಬೆನ್ನು ಬಗ್ಗಿಸಿ, ಐದು ಹತ್ತು ನಿಮಿಷ ಕೆಮ್ಮಿ, ಉಗಿದು, ಮೇಲಿನಿಂದ ಎರಡು ಚೊಂಬು ನೀರು ಹೊಯ್ದು ಒಳಗೆ ಬರುತ್ತಿದ್ದ. ಬಲ್ಮಠದ ಚರ್ಚುಗಳಲ್ಲಿ ಕ್ರಿಸ್ಮಸ್ಸಿನ ನಕ್ಷತ್ರ ತೂಗುವ ಹೊತ್ತಿಗೂ ಅದು ನಿಂತಿರಲಿಲ್ಲ.

ಸ್ವರ್ಣಲತಾ ತನಿಖೆಗೆ ಇಳಿದಳು. ಮೊದಲು ಸಿಕ್ಕಿಬಿದ್ದದ್ದು ಸೊಳ್ಳೆಬತ್ತಿ. ಅದನ್ನು ನಿಲ್ಲಿಸಿ ಸೊಳ್ಳೆಪರದೆ ಕಟ್ಟಿದಳು, ಒಂದು ವಾರ ನೋಡಿದಳು, ಕೆಮ್ಮು ಕಡಿಮೆಯಾಗಲಿಲ್ಲ. ಎರಡನೇ ವಾರ ತಲೆದಿಂಬಿನ ಹತ್ತಿ ಬದಲಾಯಿತು. ಮೂರನೇ ವಾರ ಮನೆಯಲ್ಲಿ ಮಜ್ಜಿಗೆ ಬಂದ್. ಎದುರಿನ ರಸ್ತೆಗೆ ಕಾಂಕ್ರೀಟು ಹಾಕಲು ಅಗೆದು ಎಬ್ಬಿಸಿದ ಧೂಳಿನ ಮೇಲೂ ಅವಳಿಗೆ ಬಲವಾದ ಸಂಶಯವಿತ್ತು. ಆದರೆ ರಸ್ತೆಯ ಕೆಲಸ ಮುಗಿದು ಧೂಳು ಅಡಗಿದರೂ ಗಂಡನ ಎದೆ ಗೊರಗುಟ್ಟುತ್ತಲೇ ಇತ್ತು. ಒಮ್ಮೆಗೆ ಎಲ್ಲವನ್ನೂ ನಿಲ್ಲಿಸಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ, ಅದಕ್ಕೇ ಒಂದೊಂದು ವಾರಕ್ಕೆ ಒಂದೊಂದು ಎಂದು ಅವಳು ಮಗಳಿಗೆ ವಿವರಿಸಿದಳು. ಮಗಳು ಸೌಜನ್ಯ ಹೆರಿಗೆಗೆ ತವರಿಗೆ ಬಂದವಳು. ಗಂಡ ಮಸ್ಕತ್ತಿನಲ್ಲಿ ಇದ್ದುದರಿಂದ ಏಳು ತಿಂಗಳ ಮಗುವಿನ ಜೊತೆ ಇಲ್ಲೇ ಇದ್ದಳು.

"ಅಮ್ಮ, ನೀನು ಪಪ್ಪನನ್ನು ಡಾಕ್ಟ್ರ ಹತ್ರ ಕರ್ಕೊಂಡು ಹೋಗು ಮಾರಾಯ್ತಿ. ಮನೆಯ ಸಾಮಾನನ್ನೆಲ್ಲ ಯಾಕೆ ಹಿಂಸೆ ಮಾಡ್ತೀ?" ಎಂದಳು ಸೌಜನ್ಯ.

ಡಾಕ್ಟರ ಹೆಸರೆತ್ತಿದರೆ ಯಾದವ ಜಾರಿಕೊಳ್ಳುತ್ತಿದ್ದ. ಮೆಡಿಕಲ್‌ನಿಂದ ತಂದ ಸಿರಪ್ ಮೂರು ಬಾಟಲಿ ಮುಗಿದಿತ್ತು. ಸಾಂಬ್ರಾಣಿ ಸೊಪ್ಪಿನ ರಸ, ಕರಿಮೆಣಸಿನ ಕಷಾಯ, ಎಲ್ಲವನ್ನೂ ಕೊಟ್ಟದ್ದನ್ನು ಕೊಟ್ಟ ಹಾಗೆ ಕುಡಿಯುತ್ತಿದ್ದ. ಕಷಾಯ ಎಂದರೆ ಮುಖ ಸಿಂಡರಿಸುತ್ತಿದ್ದ ಗಂಡಸು ಹೀಗೆ ಬಾಯಿ ಮುಚ್ಚಿಕೊಂಡು ಕುಡಿಯುವುದೇ ಅವಳಿಗೆ ವಿಚಿತ್ರವಾಗಿ ಕಂಡಿತು.

ವಿಚಿತ್ರಗಳು ಅಷ್ಟಕ್ಕೇ ಮುಗಿಯಲಿಲ್ಲ. ಐವತ್ತಾರು ವರ್ಷ ಎಲೆಯಡಿಕೆಯನ್ನು ಮುಟ್ಟದವನು, ಮದುವೆಮನೆಯಲ್ಲಿ ಕೊಟ್ಟದ್ದನ್ನೂ ಕಿಸೆಯಲ್ಲಿ ಹಾಕಿಕೊಂಡು ಬಂದು ಹೆಂಡತಿಗೆ ಕೊಡುತ್ತಿದ್ದವನು, ಒಂದು ತಿಂಗಳಿಂದ ಬಾಯಿ ತುಂಬ ಬಚ್ಚಿರೆ ಹಾಕಿಕೊಂಡು ಜಗಿಯತೊಡಗಿದ್ದ. ಕೇಳಿದರೆ, "ಕಫಕ್ಕೆ ಒಳ್ಳೇದಂತೆ, ದಕ್ಕೆಯಲ್ಲಿ ಹೇಳಿದ್ರು" ಎಂದ. ಯಾರು ಹೇಳಿದರು ಎಂದು ಕೇಳಿದರೆ ಹೆಸರಿಲ್ಲ. ಅವನ ಲೋಟ ಬೇರೆಯಾಯಿತು, ಮಲಗುವುದು ಜಗಲಿಗೆ ಹೋಯಿತು, "ನನ್ನ ಕೆಮ್ಮಿಗೆ ನಿಮ್ಮ ನಿದ್ರೆ ಯಾಕೆ ಹಾಳು" ಎಂಬ ಮಾತು ಬಂತು. ಇದೆಲ್ಲ ಒಂದು ಕಡೆ ಇರಲಿ, ಮಗುವನ್ನು ಎತ್ತಿಕೊಳ್ಳುವುದನ್ನು ಅವನು ನಿಲ್ಲಿಸಿಬಿಟ್ಟಿದ್ದ.

ಮಗುವಿಗೆ ಚೆಂದದ ಹೆಸರು ಇಟ್ಟಿದ್ದರೂ ಮನೆಯಲ್ಲಿ ಎಲ್ಲರಿಗೂ ಅದು ಬರೇ ಬಾಲೆ. ಮೊದಲೆಲ್ಲ ಯಾದವ ದಕ್ಕೆಯಿಂದ ಬಂದವನೇ ಸೋಪು ಹಾಕಿ ಎರಡೆರಡು ಸಲ ಕೈ ತೊಳೆದು, ಬಾಲೆಯನ್ನು ತೊಡೆಯ ಮೇಲೆ ನಿಲ್ಲಿಸಿ ಮೆಲ್ಲನೆ ಏಲಂ ಕೂಗುತ್ತಿದ್ದ. ಆ ರಾಗಕ್ಕೆ ಅದು ಕೇಕೆ ಹಾಕಿ ನಗುತ್ತಿತ್ತು. ಈಗ ಬಾಲೆ ಅಂಬೆಗಾಲಿಟ್ಟು ಹತ್ತಿರ ಬಂದರೆ ಅವನು ಏನೋ ಕೆಲಸ ನೆನಪಾದ ಹಾಗೆ ಎದ್ದು ಅಂಗಳಕ್ಕೆ ಇಳಿಯುತ್ತಿದ್ದ. ಸೌಜನ್ಯ ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು. ಅವಳಿಗೆ ಒಳಗೊಳಗೇ ನೋವಾಗಿದೆ ಎಂದು ತಾಯಿಗೆ ಗೊತ್ತಿತ್ತು.

"ಎಷ್ಟು ದಿನ ಆಯ್ತು ಸ್ವರ್ಣಕ್ಕ, ಈ ಕೆಮ್ಮು?" ಎಂದು ಮಾರ್ಕೆಟಿನಲ್ಲಿ ಒಂದು ದಿನ ರಮ್ಲಾ ಕೇಳಿದಳು. ಪಕ್ಕದ ಕಟ್ಟೆಯಲ್ಲಿ ಒಣಮೀನು ಮಾರುವವಳು. ಎರಡೂವರೆ ತಿಂಗಳು ಎಂದು ಕೇಳಿ ಅವಳು ಕೈಯಲ್ಲಿದ್ದ ಸೆಣಬಿನ ಚೀಲ ಕೆಳಗಿಟ್ಟಳು. "ಎಂತ ಕತೆ ನಿಮ್ದು? ಎರಡು ವಾರ ದಾಟಿದ್ರೆ ಕಫ ಪರೀಕ್ಷೆ ಮಾಡ್ಬೇಕು ಅಂತ ಆಶಾದವರು ಮನೆ ಮನೆಗೆ ಬಂದು ಹೇಳುದಿಲ್ವಾ? ಊರಿನ ಸುದ್ದಿ ಎಲ್ಲ ಗೊತ್ತುಂಟು ನಿಮ್ಗೆ, ಮನೆಯದ್ದು ಗೊತ್ತಿಲ್ಲ."

ಅದು ಚುಚ್ಚಿತು. ಮರುದಿನವೇ ಅವಳು ಗಂಡನನ್ನು ಎಳೆದುಕೊಂಡು ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋದಳು.

ಅಲ್ಲಿದ್ದ ಡಾಕ್ಟರ್ ಭವ್ಯಶ್ರೀ ವಯಸ್ಸಿನಲ್ಲಿ ಸೌಜನ್ಯಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಪ್ರಶ್ನೆ ಕೇಳುವುದರಲ್ಲಿ ತನ್ನನ್ನು ಮೀರಿಸುವ ಹೆಂಗಸೊಬ್ಬಳನ್ನು ಸ್ವರ್ಣಲತಾ ಜೀವಮಾನದಲ್ಲಿ ಮೊದಲ ಬಾರಿಗೆ ನೋಡಿದಳು. ನೋಡಿ ಖುಷಿಪಟ್ಟಳು.

"ಎಷ್ಟು ದಿನದಿಂದ ಯಾದವಣ್ಣ?"

"ಒಂದು ಇಪ್ಪತ್ತು ದಿನ ಆಯ್ತೇನೋ."

"ಎರಡೂವರೆ ತಿಂಗಳು ಡಾಕ್ಟ್ರೇ" ಎಂದಳು ಸ್ವರ್ಣಲತಾ.

"ಸಂಜೆ ಜ್ವರ ಬರ್ತದಾ?"

"ಇಲ್ಲ."

"ಮೈ ಬೆಚ್ಚಗಿರ್ತದೆ. ಮತ್ತೆ ಪ್ಯಾಂಟು ಸೊಂಟದಲ್ಲಿ ನಿಲ್ಲುದಿಲ್ಲ, ಪಿನ್ನು ಹಾಕಿ ಕೊಟ್ಟದ್ದು ನಾನೇ."

"ಬೀಡಿ ಸಿಗರೇಟು ಉಂಟಾ? ಕಫದಲ್ಲಿ ರಕ್ತ ಕಂಡದ್ದುಂಟಾ?"

ಎರಡಕ್ಕೂ ಇಲ್ಲವೆಂದು ತಲೆಯಾಡಿಸಿದ ಯಾದವ ತಡೆದು, "ಬಚ್ಚಿರೆ ತಿನ್ನುದು. ಅದ್ರ ಕೆಂಪು ಇರ್ತದೆ ಅಷ್ಟೇ" ಎಂದ.

ಇಷ್ಟು ಹೊತ್ತು ತನ್ನ ಪ್ರಶ್ನೆಯನ್ನು ಅದುಮಿಟ್ಟುಕೊಂಡಿದ್ದ ಸ್ವರ್ಣಲತಾಳಿಗೆ ಇನ್ನು ತಡೆಯಲಾಗಲಿಲ್ಲ. "ಈ ಕಫ ಎಲ್ಲಿಂದ ಬರುದು ಡಾಕ್ಟ್ರೇ? ಇಷ್ಟು ದಿನ ಉಗಿದ್ರೂ ಮುಗಿಯುದಿಲ್ಲ ಅಂದ್ರೆ ಒಳಗೆ ಎಷ್ಟುಂಟು?"

ಭವ್ಯಶ್ರೀ ನಕ್ಕಳು. "ಉಸಿರಿನ ಕೊಳವೆಯಲ್ಲಿ ಯಾವಾಗಲೂ ಸ್ವಲ್ಪ ಅಂಟು ಇರ್ತದೆ ಅಮ್ಮ, ಧೂಳು ಹಿಡೀಲಿಕ್ಕೆ. ಒಳಗೆ ಏನಾದ್ರೂ ಕೆರಳಿದ್ರೆ ಅದು ಜಾಸ್ತಿ ಆಗ್ತದೆ. ಕೆಮ್ಮು ಅದನ್ನು ಹೊರಗೆ ಗುಡಿಸುದು. ಕೆಮ್ಮನ್ನು ಬೈದು ಪ್ರಯೋಜನ ಇಲ್ಲ, ಒಳಗೆ ಕಸ ಹಾಕುದು ಯಾರು ಅಂತ ನೋಡ್ಬೇಕು. ಬೀಡಿ ಹೊಗೆ ಆಗಿರ್ಬಹುದು, ದಮ್ಮು ಆಗಿರ್ಬಹುದು, ಮೂಗಿಂದ ಗಂಟಲಿಗೆ ಇಳಿಯುದು ಇರ್ಬಹುದು, ಟಿಬಿ ಇರ್ಬಹುದು. ಬಣ್ಣ ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಪರೀಕ್ಷೆ ಮಾಡಿದ್ರೆ ಗೊತ್ತಾಗ್ತದೆ."

ಒಳಗೆ ಕಸ ಹಾಕುವುದು ಯಾರು. ಎಂಥಾ ಒಳ್ಳೆಯ ಪ್ರಶ್ನೆ ಎಂದು ಸ್ವರ್ಣಲತಾ ಮನಸ್ಸಿನಲ್ಲೇ ಮೆಚ್ಚಿದಳು. ಟಿಬಿ ಎಂಬ ಶಬ್ದ ಬಂದಾಗ ಗಂಡ ಕಿಟಕಿಯ ಕಡೆ ತಿರುಗಿದ್ದನ್ನು ಅವಳು ನೋಡಿದಳಾದರೂ ಆ ಹೊತ್ತಿಗೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಫಕ್ಕೆಂದು ಎರಡು ಪ್ಲಾಸ್ಟಿಕ್ ಕಪ್ಪು ಕೊಟ್ಟರು. ಒಂದು ಈಗಲೇ, ಇನ್ನೊಂದು ನಾಳೆ ಬೆಳಿಗ್ಗೆ ಎದ್ದ ಕೂಡಲೇ. ಬಾಯಿ ತೊಳೆದು, ಉಸಿರನ್ನು ಆಳಕ್ಕೆ ಎಳೆದು, ಎದೆಯ ಅಡಿಯಿಂದ ತೆಗೆಯಬೇಕು, ಬಾಯಿಯ ಎಂಜಲು ಬೇಡ ಎಂದು ಭವ್ಯಶ್ರೀ ಎರಡು ಸಲ ಹೇಳಿದಳು. ಯಾದವ ಕಪ್ಪು ಹಿಡಿದುಕೊಂಡು ಕಟ್ಟಡದ ಹಿಂದೆ ಹೋಗಿ ಬಂದ. ಮರುದಿನ ಎರಡನೆಯದನ್ನೂ ತಾನೇ ಹೋಗಿ ಕೊಟ್ಟು ಬಂದ. ನಾಲ್ಕು ದಿನ ಕಳೆದು ಚೀಟಿ ಹಿಡಿದುಕೊಂಡು ಮನೆಗೆ ಬಂದವನು, "ಎಂತ ಇಲ್ಲ, ಕ್ಲೀನ್" ಎಂದ. ಎಕ್ಸ್‌ರೇಗೆ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ, ಪುರುಸೊತ್ತಾದಾಗ ಹೋದರಾಯಿತು ಎಂದೂ ಸೇರಿಸಿದ. ಆ ದಿನ ಮನೆಗೆ ದುಬಾರಿ ಅಂಜಲ್ ಮೀನು ಬಂತು. ಸ್ವರ್ಣಲತಾ ಹೊಟ್ಟೆತುಂಬ ಉಂಡಳು.

ಹೊಟ್ಟೆ ತುಂಬಿದರೂ ಎಲ್ಲೋ ಒಂದು ಮುಳ್ಳು ಸಿಕ್ಕಿಕೊಂಡೇ ಇತ್ತು. ಅದು ಯಾವುದೆಂದು ಗೊತ್ತಾದದ್ದು ಭಾನುವಾರ. ಯಾದವ ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಬಾಲೆ ಒಳಗಿನಿಂದ ಅಂಬೆಗಾಲಿಟ್ಟು ಬಂದು ಅವನ ಲುಂಗಿಯ ಅಂಚು ಹಿಡಿಯಿತು. ಅವನು ಕೈಯಲ್ಲಿದ್ದ ಬೈರಾಸು ಟವೆಲನ್ನು ಬಾಯಿಗೆ ಒತ್ತಿಕೊಂಡು, ಲುಂಗಿ ಬಿಡಿಸಿಕೊಂಡು ಎದ್ದು ಹೋದ. ಸೌಜನ್ಯ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. ಅವಳ ಕಣ್ಣಲ್ಲಿ ನೀರಿತ್ತು.

"ನಾನು ಇಲ್ಲಿ ಇರುದು ಪಪ್ಪನಿಗೆ ಭಾರ ಆಗಿದೆ ಅಮ್ಮ. ಹೇಳ್ಲಿಕ್ಕೆ ಆಗುದಿಲ್ಲ ಅವರಿಗೆ. ಬಾಲೆಯನ್ನು ಒಮ್ಮೆ ಮುಟ್ಟುದೂ ಇಲ್ಲ."

ಸ್ವರ್ಣಲತಾ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು. ಅವಳ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ಓಡುತ್ತಿತ್ತು. ಮಗುವಿಗೆ ಕೆಮ್ಮು ತಾಗೀತೆಂದು ದೂರ ಇದ್ದ, ಸರಿ. ಈಗ ಚೀಟಿ ಬಂದಿದೆ, ಎಂತ ಇಲ್ಲ ಎಂದು ಅವನೇ ಹೇಳಿದ್ದಾನೆ. ಆ ಚೀಟಿಯನ್ನು ನಿಜವಾಗಿ ನಂಬಿದವನಾದರೆ ಬಂದ ದಿನವೇ ಬಾಲೆಯನ್ನು ಎತ್ತಿ ಏಲಂ ಕೂಗುತ್ತಿದ್ದ. ಹಾಗಾದರೆ ಅವನು ನಂಬಿಲ್ಲ. ಯಾಕೆ ನಂಬಿಲ್ಲ?

ಆ ಮಧ್ಯಾಹ್ನ ಅವಳು ಅವನ ಬೈರಾಸನ್ನು ಒಗೆಯಲು ತೆಗೆದುಕೊಂಡಳು. ಕೆಲವು ವಾರದಿಂದ ಅದನ್ನು ಅವನೇ ಒಗೆದುಕೊಳ್ಳುತ್ತಿದ್ದ. ಇವತ್ತು ಅವನು ಅಂಗಡಿಗೆ ಹೋದ ಸಮಯ ನೋಡಿ, ಕೈಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿಕೊಂಡು ಅವಳು ಅದನ್ನು ಎತ್ತಿದಳು. ಅಂಚಿನಲ್ಲಿ ಕೆಂಪು ಕಲೆಗಳಿದ್ದವು. ಬಚ್ಚಿರೆಯ ಕಲೆ ಅವಳಿಗೆ ಹೊಸದಲ್ಲ. ಅವಳ ತಾಯಿ ಸಾಯುವ ತನಕ ಜಗಿದವಳು, ಆ ಸೀರೆಗಳ ಕಲೆಯನ್ನು ಉಜ್ಜಿ ಉಜ್ಜಿ ಇವಳ ಕೈ ಸವೆದಿತ್ತು, ಕಲೆ ಸವೆದಿರಲಿಲ್ಲ. ಮೀನಿನ ರಕ್ತವೂ ಹೊಸದಲ್ಲ. ದಿನಾ ಮಾರ್ಕೆಟಿನಿಂದ ಬಂದು ಬಟ್ಟೆಯನ್ನು ಉಪ್ಪು ಹಾಕಿದ ತಣ್ಣೀರಿನಲ್ಲಿ ನೆನೆಸಿಟ್ಟರೆ ಅರ್ಧ ಗಂಟೆಯಲ್ಲಿ ಅದು ನೀರಿಗೆ ಬಿಟ್ಟುಕೊಳ್ಳುತ್ತದೆ. ಅವಳು ಒಂದು ಬಕೆಟ್ ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಬೈರಾಸನ್ನು ಮುಳುಗಿಸಿದಳು. ಮೆಟ್ಟಿಲ ಮೇಲೆ ಕೂತು ಕಾದಳು. ಜೀವನದಲ್ಲಿ ಒಂದೇ ಒಂದು ಸಲ ಅವಳಿಗೆ, ನನಗೆ ಉತ್ತರ ಗೊತ್ತಾಗುವುದು ಬೇಡ, ಕಲೆ ಅಲ್ಲೇ ಇರಲಿ ದೇವರೇ ಎಂದು ಅನ್ನಿಸಿತು.

ಅರ್ಧ ಗಂಟೆಗೆ ನೀರು ತಿಳಿಗೆಂಪಾಗಿತ್ತು. ಒಂದೆರಡು ಕಂದು ಕಲೆ ಹಾಗೇ ಕೂತಿದ್ದವು, ಅವು ಬಚ್ಚಿರೆಯವು. ಉಳಿದವು ಬಿಟ್ಟುಹೋಗಿದ್ದವು. ಎಲೆಯಡಿಕೆ ಯಾಕೆ ಶುರುವಾಯಿತೆಂದು ಈಗ ಅರ್ಥವಾಯಿತು. ಕೆಂಪನ್ನು ಅಡಗಿಸಲು ಇವನು ಇನ್ನೊಂದು ಕೆಂಪು ಹುಡುಕಿಕೊಂಡಿದ್ದ.

ಒಂದು ಸಂಗತಿ ಮಾತ್ರ ಬಗೆಹರಿಯಲಿಲ್ಲ. ಒಳಗೆ ಇಷ್ಟೆಲ್ಲ ಇದ್ದರೆ ಕಪ್ಪಿನಲ್ಲಿ ಯಾಕೆ ಕಾಣಿಸಲಿಲ್ಲ?

ಮರುದಿನ ಬೆಳಿಗ್ಗೆ ಅವಳು ದಕ್ಕೆಗೆ ಹೋದಳು. ಅವಳ ಪಾಲಿನ ಬುಟ್ಟಿಯನ್ನು ಯಾದವನೇ ಟೆಂಪೋದಲ್ಲಿ ಕಳಿಸುತ್ತಿದ್ದುದರಿಂದ ಅಲ್ಲಿಗೆ ಕಾಲಿಡದೆ ವರ್ಷಗಳೇ ಆಗಿದ್ದವು. ಯಾಕೆ ಬಂದೆ ಎಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳಿದರೆ ಸುಳ್ಳು ಹೇಳುವ ಗಂಡ ದಕ್ಕೆಯಲ್ಲಿ ಹೇಗಿರುತ್ತಾನೆ ಎಂದು ನೋಡಬೇಕಿತ್ತು. ಐಸಿನ ಪೆಟ್ಟಿಗೆಗಳ ಹಿಂದೆ ನಿಂತು ನೋಡಿದಳು. ಯಾದವ ಬಂಗುಡೆಯ ಬುಟ್ಟಿಯ ಮುಂದೆ ಬಗ್ಗಿ, ಮೊಣಕೈ ತನಕ ತೋಳು ಇಳಿಸಿ, ತಳದ ಮೀನು ಎಳೆದು, ಕಿವಿರು ಬಿಡಿಸಿ ಮೇಲೆತ್ತಿ ಹಿಡಿದ. ನಾಲ್ಕು ಬಾರಿ ಕೂಗುವಷ್ಟರಲ್ಲಿ ಕೆಮ್ಮು ಬಂತು. ಅವನು ಬೈರಾಸನ್ನು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದ. ಇನ್ನೊಬ್ಬ ಮುಂದೆ ಬಂದು, ಇದು ದಿನಾ ನಡೆಯುವುದೇ ಎಂಬ ಹಾಗೆ, ಉಳಿದ ಏಲಂ ಕೂಗಿದ. ಅವನು ಬುಟ್ಟಿಯೊಳಗೆ ಕೈ ಹಾಕಲಿಲ್ಲ, ಮೇಲಿನದನ್ನೇ ಎತ್ತಿ ತೋರಿಸಿದ.

ಆಗ ಅವಳಿಗೆ ತಟ್ಟನೆ ಹೊಳೆಯಿತು. ಅವತ್ತು ಆರೋಗ್ಯ ಕೇಂದ್ರದ ಹಿಂದಿನಿಂದ ಯಾದವ ತಂದ ಕಪ್ಪಿನಲ್ಲಿ ಇದ್ದದ್ದು ತಿಳಿ ನೀರಿನಂಥದ್ದು, ಮೇಲೆ ಸ್ವಲ್ಪ ನೊರೆ. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಅವನು ಬೋಟು ಕಟ್ಟುವ ಕಂಬಕ್ಕೆ ಒರಗಿ ಉಸಿರು ತೆಗೆಯುತ್ತಿದ್ದ. ಅವಳು ಎದುರು ಹೋಗಿ ನಿಂತಳು.

"ನೀನು ಇಲ್ಲಿ ಎಂತ ಮಾಡ್ತೀ?" ಎಂದ ಗಾಬರಿಯಿಂದ.

"ಮೂವತ್ತು ವರ್ಷದಿಂದ ನಿಮ್ಮನ್ನು ನೋಡ್ತಾ ಇದ್ದೇನೆ. ಯಾರದ್ದೇ ಬುಟ್ಟಿ ಇರ್ಲಿ, ತಳದ ಮೀನು ತೆಗೆದು ತೋರಿಸಿದ ಜನ ನೀವು. ಡಾಕ್ಟ್ರಿಗೆ ಮಾತ್ರ ಮೇಲಿನದ್ದು ಕೊಟ್ರಿ ಅಲ್ವಾ?"

ಯಾದವ ಬೋಟುಗಳ ಕಡೆ ತಿರುಗಿದ. ಅವಳ ಸಿಟ್ಟು ಏರಿತು. "ಬೈರಾಸನ್ನು ಉಪ್ಪುನೀರಿಗೆ ಹಾಕಿದೆ ನಾನು. ಅದು ಬಚ್ಚಿರೆ ಅಲ್ಲ. ನನ್ಗೆ ರಕ್ತ ಗೊತ್ತಿಲ್ವಾ? ಇಷ್ಟು ವರ್ಷ ಜೊತೆಗಿದ್ದು ನನ್ಗೆ ಹೇಳ್ಬೇಕು ಅಂತ ಕಾಣ್ಲಿಲ್ವಾ ನಿಮ್ಗೆ?"

ಯಾದವ ಅವಳಿಂದ ಎರಡು ಹೆಜ್ಜೆ ಹಿಂದೆ ಸರಿದು, ಬೈರಾಸನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದ.

"ನನ್ನ ಅಪ್ಪನಿಗೆ ಹೀಗೆಯೇ ಶುರುವಾದದ್ದು. ಹಿಂದಿನ ಕೋಣೆಯಲ್ಲಿ ಹಾಕಿದ್ರು, ತಟ್ಟೆ ಬೇರೆ. ನನ್ಗೆ ಹನ್ನೊಂದು ವರ್ಷ. ಅಪ್ಪ ಹೋದದ್ದಕ್ಕಿಂತ ನನ್ಗೆ ನೆನಪಿರುದು ಅಮ್ಮನ ಬುಟ್ಟಿ. ಕ್ಷಯದವರ ಮನೆಯ ಮೀನು ಅಂತ ಯಾರೂ ಮುಟ್ಲಿಲ್ಲ. ಬೆಳಿಗ್ಗೆ ತುಂಬಿಸಿಕೊಂಡು ಹೋಗ್ತಿದ್ಲು, ಮಧ್ಯಾಹ್ನ ತುಂಬಿದ ಬುಟ್ಟಿಯೇ ವಾಪಾಸು. ಒಂದು ವರ್ಷ ಹಾಗೆ. ನಾವು ಮೂರು ಹೊತ್ತೂ ಅದನ್ನೇ ತಿಂದೆವು." ಅವನು ಒಮ್ಮೆ ಕೆಮ್ಮಿದ. "ನಿನ್ನ ಬುಟ್ಟಿ ಹಾಗೆ ವಾಪಾಸು ಬರುದು ಬೇಡ ಅಂತ ಕಂಡಿತು ನನ್ಗೆ. ನಾನು ದೂರ ಇದ್ರೆ ಸಾಕು, ಬಾಲೆಗೆ ತಾಗದಿದ್ರೆ ಸಾಕು. ಇನ್ನು ನಾನು ಇರುದು ಆರು ತಿಂಗಳೋ ಒಂದು ವರ್ಷವೋ..."

"ಮುಗೀತಾ?" ಎಂದಳು ಸ್ವರ್ಣಲತಾ, ಸೆರಗಿನಲ್ಲಿ ಮುಖ ಒರೆಸಿಕೊಂಡು. "ನಾಳೆ ಬೆಳಿಗ್ಗೆ ತಳದ್ದು ತೆಗೀಬೇಕು. ನಾನು ಎದುರೇ ನಿಲ್ತೇನೆ."

ಅವಳು ಹೇಳಿದ ಹಾಗೇ ಮಾಡಿದಳು. ಬೆಳಕಾಗುವಾಗ ತೆಂಗಿನ ಬುಡದಲ್ಲಿ, ಗಾಳಿ ಬರುವ ಕಡೆ ನಿಂತು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಬೋಟಿನವರಿಗೆ ಹಗ್ಗ ಎಳೆಯಲು ಹೇಳುವ ಹಾಗೆ, "ಎಳೀರಿ, ಇನ್ನೂ ಎಳೀರಿ, ಈಗ" ಎಂದು ಉಸಿರು ಎಳೆಸಿದಳು. ಮೂರನೇ ಸಲಕ್ಕೆ ಬಂತು. ಹಳದಿ, ದಪ್ಪ, ಅದರೊಳಗೆ ಕೂದಲೆಳೆಯಷ್ಟು ಕೆಂಪು. ಯಾದವ ನಾಚಿಕೆಯಿಂದ ಮುಖ ತಿರುಗಿಸಿದ. ಅವಳು ಆರೋಗ್ಯ ಕೇಂದ್ರದಿಂದ ಹೊಸದಾಗಿ ತಂದಿದ್ದ ಕಪ್ಪಿನ ಮುಚ್ಚಳ ಗಟ್ಟಿಯಾಗಿ ತಿರುಗಿಸಿ, ಎರಡು ತೊಟ್ಟೆಯಲ್ಲಿ ಕಟ್ಟಿ, ಒಂದು ಸಣ್ಣ ಥರ್ಮಾಕೋಲ್ ಡಬ್ಬಿಯಲ್ಲಿ ಅಡಿಗೂ ಮೇಲಕ್ಕೂ ಐಸು ಹಾಕಿ ಹೊರಟಳು. ಮೀನಿನವಳ ಕೈಗೆ ಯಾವುದು ಸಿಕ್ಕಿದರೂ ಅದಕ್ಕೆ ಐಸು ಬೀಳಲೇಬೇಕು.

ಡಬ್ಬಿ ತೆರೆದು ನೋಡಿ ಭವ್ಯಶ್ರೀಗೆ ನಗು ತಡೆಯಲಿಲ್ಲ. "ಇದನ್ನೂ ಬಂಗುಡೆ ಮಾಡಿ ತಂದ್ರಾ? ತೊಂದ್ರೆ ಇಲ್ಲ, ತಂಪಲ್ಲಿದ್ರೆ ಒಳ್ಳೇದೇ." ಮತ್ತೆ ಯಾದವನ ಕಡೆ ತಿರುಗಿ ಗಂಭೀರವಾದಳು. "ಹೋದ ಸಲ ಎರಡರಲ್ಲೂ ಬರೇ ಎಂಜಲು ಉಂಟು, ಇನ್ನೊಮ್ಮೆ ಬೇಕು ಅಂತ ನೀವು ಚೀಟಿ ಕೊಂಡುಹೋದ ಮೇಲೆ ಲ್ಯಾಬಿನವರು ಹೇಳಿದ್ರು. ನಾವು ಮೂರು ಸಲ ಫೋನ್ ಮಾಡಿದ್ದೇವೆ, ನೀವು ಎತ್ಲಿಲ್ಲ."

ಈ ಸಲ ಫಲಿತಾಂಶಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. ಟಿಬಿ. ಶಬ್ದ ಕೇಳಿ ಸ್ವರ್ಣಲತಾ ಗಂಡನ ಮುಖ ನೋಡಿದಳು. ಯಾದವ ಮೊದಲೇ ಗೊತ್ತಿದ್ದ ಸುದ್ದಿ ಕೇಳುವವನ ಹಾಗೆ ಕೂತಿದ್ದ. ಆರು ತಿಂಗಳು ದಿನವೂ ಮಾತ್ರೆ, ಒಂದು ದಿನವೂ ತಪ್ಪಿಸಬಾರದು, ಮೂತ್ರ ಕೆಂಪಗೆ ಹೋದರೆ ಹೆದರಬಾರದು, ಅದು ಮದ್ದಿನ ಬಣ್ಣ. ಮನೆಯವರಿಗೆಲ್ಲ ಪರೀಕ್ಷೆ, ಬಾಲೆಗೆ ಪರೀಕ್ಷೆ ಮಾಡಿ ಬಾರದ ಹಾಗೆ ತಡೆಯುವ ಮದ್ದು. ಎರಡು ತಿಂಗಳಾದ ಮೇಲೆ ಮತ್ತೊಮ್ಮೆ ಕಫ ನೋಡುತ್ತೇವೆ, ಅದು ಕ್ಲೀನ್ ಬಂದರೆ ಬಾಲೆಯನ್ನು ಎತ್ತಿಕೊಳ್ಳಬಹುದು ಎಂದಳು ಡಾಕ್ಟರು.

ಸ್ವರ್ಣಲತಾಳದ್ದು ಒಂದು ಪ್ರಶ್ನೆ ಬಾಕಿ ಇತ್ತು. "ಮೀನಿನಿಂದ ತಾಗ್ತದಾ ಡಾಕ್ಟ್ರೇ? ಇವರ ಮನೆಯ ಮೀನು, ಬುಟ್ಟಿ, ತಟ್ಟೆ, ಹಾಗೆ?"

"ಇಲ್ಲ ಅಮ್ಮ. ಕೆಮ್ಮಿದಾಗ ಗಾಳಿಯಿಂದ ಹೋಗುದು. ತಟ್ಟೆಯಿಂದ, ಬುಟ್ಟಿಯಿಂದ ಬರುದಿಲ್ಲ."

ಅಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದ ಯಾದವ ಆಗ ಅತ್ತ. "ಹಾಗಾದ್ರೆ ನನ್ನ ಅಮ್ಮನ ಬುಟ್ಟಿ..." ಎಂದ. ಏನೆಂದು ಅರ್ಥವಾಗದಿದ್ದರೂ ಡಾಕ್ಟರು ನೀರಿನ ಬಾಟಲಿಯನ್ನು ಅವನ ಕಡೆ ಸರಿಸಿದಳು.

ಸುದ್ದಿಯನ್ನು ಬೇರೆಯವರ ಬಾಯಿಗೆ ಬಿಡಬಾರದು ಎಂದು ಸ್ವರ್ಣಲತಾ ತೀರ್ಮಾನಿಸಿದಳು. ಸುದ್ದಿ ಹೇಗೆ ಓಡುತ್ತದೆ ಎಂಬುದು ಅವಳಷ್ಟು ಚೆನ್ನಾಗಿ ಗೊತ್ತಿದ್ದವರು ಆ ಮಾರ್ಕೆಟಿನಲ್ಲಿ ಯಾರೂ ಇರಲಿಲ್ಲ. ತನ್ನ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ಮರುದಿನವೇ ಕಟ್ಟೆಯ ಮೇಲೆ ಕೂತು ಕಾದಳು. ಮೊದಲು ಬಂದವಳು ಬೀಫಾತಿಮ್ಮ, ಇಪ್ಪತ್ತು ವರ್ಷದ ಗಿರಾಕಿ, ಕಿವಿರು ನೋಡದೆ ಒಂದು ಬೂತಾಯಿಯನ್ನೂ ಕೊಂಡವಳಲ್ಲ.

"ಯಾದವಣ್ಣನ ಕೆಮ್ಮು ಹೇಗುಂಟು?"

"ಟಿಬಿ ಅಂತೆ" ಎಂದಳು ಸ್ವರ್ಣಲತಾ, ಸುತ್ತಲಿನ ನಾಲ್ಕು ಕಟ್ಟೆಗೆ ಕೇಳುವ ಹಾಗೆ. "ಮದ್ದು ಶುರುವಾಗಿದೆ. ನನ್ಗೆ ಎಂತ ಇಲ್ಲ. ಮೀನಿಂದ ಬರುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ."

ಪಕ್ಕದಲ್ಲಿ ರಮ್ಲಾ ಒಣಮೀನಿನ ಮೇಲೆ ಕೈಯಿಟ್ಟು ಹಾಗೇ ನೋಡುತ್ತಿದ್ದಳು. ಬೀಫಾತಿಮ್ಮ ಬುಟ್ಟಿಯನ್ನೊಮ್ಮೆ, ಸ್ವರ್ಣಲತಾಳ ಮುಖವನ್ನೊಮ್ಮೆ ನೋಡಿದಳು. ಮತ್ತೆ ತೋಳಿನ ಬಟ್ಟೆ ಸರಿಸಿ, ಕೈಯನ್ನು ಬುಟ್ಟಿಯ ತಳದ ತನಕ ಇಳಿಸಿ, ಒಂದು ಬಂಗುಡೆ ಎಳೆದು ತೆಗೆದು ಕಿವಿರು ಬಿಡಿಸಿ ನೋಡಿದಳು.

"ನನ್ನ ತಮ್ಮನಿಗೂ ಆಗಿತ್ತು. ಈಗ ಉಳ್ಳಾಲದಲ್ಲಿ ಬೋಟಿಗೆ ಹೋಗ್ತಾನೆ. ಇದೇ ತರದ್ದು ಎಂಟು ಹಾಕು" ಎಂದಳು.

ಎಲ್ಲರೂ ಬೀಫಾತಿಮ್ಮ ಆಗಿರಲಿಲ್ಲ. ಮೊದಲ ವಾರ ಬುಟ್ಟಿ ಅರ್ಧಕ್ಕರ್ಧ ವಾಪಾಸು ಬಂತು. ಕೆಲವರು ದೂರದಿಂದಲೇ ನಕ್ಕು ಬೇರೆ ಕಟ್ಟೆಗೆ ಹೋದರು. ಜಗಲಿಯಲ್ಲಿ ಕೂತ ಯಾದವ ಉಳಿದ ಮೀನನ್ನು ನೋಡಿ, ಮಾತ್ರೆ ನುಂಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಸ್ವರ್ಣಲತಾ ಬಿಡಲಿಲ್ಲ. ಯಾರು ಯಾವ ದಿನ ತಪ್ಪಿಸಿಕೊಂಡರು, ಯಾರು ಮರಳಿ ಬಂದರು, ಯಾಕೆ ಬಂದರು, ಎಲ್ಲದರ ತನಿಖೆ ನಡೆಸುತ್ತ ಕೂತಳು. ಒಬ್ಬೊಬ್ಬರಾಗಿ ಬಂದರು. ಕೆಲವರು ಬರಲೇ ಇಲ್ಲ.

ಎರಡು ತಿಂಗಳಾಯಿತು. ಕೆಮ್ಮು ಬಹುಮಟ್ಟಿಗೆ ಅಡಗಿತ್ತು, ಪ್ಯಾಂಟಿನ ಪಿನ್ನು ಬಿಚ್ಚಿತ್ತು. ಕಪ್ಪಿನ ಕಫ ಈ ಸಲ ಕ್ಲೀನ್ ಬಂತು, ಹೇಳಿದ ಹಾಗೆ ತಳದಿಂದ ತೆಗೆದದ್ದು. ಬಾಲೆಯನ್ನು ಎತ್ತಿಕೊಳ್ಳಿ ಎಂದು ಭವ್ಯಶ್ರೀ ನಕ್ಕು ಹೇಳಿ ಕಳಿಸಿದಳು. ಆದರೂ ಯಾದವ ಎತ್ತಿಕೊಳ್ಳಲಿಲ್ಲ. ಬಾಲೆ ಗೋಡೆ ಹಿಡಿದು ನಿಂತು ಕರೆದರೆ ದೂರದಿಂದಲೇ ತಲೆಯಾಡಿಸುತ್ತಿದ್ದ. ಸೌಜನ್ಯಳಿಗೆ ಈಗ ಎಲ್ಲವೂ ಗೊತ್ತಿತ್ತು, ಅವಳು ಒತ್ತಾಯಿಸಲಿಲ್ಲ. ಇನ್ನೂ ನಂಬಿಲ್ಲ ಎಂದುಕೊಂಡಳು ಸ್ವರ್ಣಲತಾ. ಡಾಕ್ಟರ ಚೀಟಿ ಇವನಿಗೆ ಸಾಲದು.

ಅದಾಗಿ ಹತ್ತು ದಿನಕ್ಕೆ, ಒಂದು ಶನಿವಾರ, ಅವಳು ಎಂದಿಗಿಂತ ಬೇಗ ಮನೆಗೆ ಬಂದಳು. ಯಾದವ ಜಗಲಿಯಲ್ಲಿ ಕೂತಿದ್ದ. ಅವಳು ಬುಟ್ಟಿಯನ್ನು ತಲೆಯಿಂದ ಇಳಿಸಿ ಅವನ ಕಾಲಬುಡದಲ್ಲಿಟ್ಟಳು. ಮೇಲೆ ಒದ್ದೆ ಗೋಣಿ ಮುಚ್ಚಿತ್ತು.

"ಎಷ್ಟು ಉಳೀತು?" ಎಂದ ಅವನು, ನೋಡದೆ.

"ನೀವೇ ನೋಡಿ."

ಯಾದವ ಗೋಣಿ ಸರಿಸಲಿಲ್ಲ. ದಕ್ಕೆಯಲ್ಲಿ ಮಾಡುವ ಹಾಗೆ ಬಗ್ಗಿ, ಗೋಣಿಯ ಬದಿಯಿಂದ ಕೈ ತೂರಿಸಿ, ಮೊಣಕೈ ತನಕ ತೋಳನ್ನು ಬುಟ್ಟಿಯೊಳಗೆ ಇಳಿಸಿದ. ಬೆರಳು ತಳಕ್ಕೆ ತಾಗಿತು. ಅವನು ಆ ಬದಿಗೆ ಈ ಬದಿಗೆ ತಡಕಿದ. ಮತ್ತೊಮ್ಮೆ ತಡಕಿದ. ತಳದಲ್ಲಿ ಕರಗಿದ ಐಸಿನ ನೀರು ಬಿಟ್ಟರೆ ಏನೂ ಇರಲಿಲ್ಲ.

ಅವನು ಬಹಳ ಹೊತ್ತು ಕೈಯನ್ನು ಹಾಗೇ ಒಳಗೆ ಇಟ್ಟುಕೊಂಡು ಕೂತಿದ್ದ. ಆಮೇಲೆ ಎದ್ದು ಬಾವಿಕಟ್ಟೆಗೆ ಹೋಗಿ ಸೋಪು ಹಾಕಿ ಕೈ ತೊಳೆದ. ಇನ್ನೊಮ್ಮೆ ತೊಳೆದ. ಒಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬಾಲೆ ಎಲ್ಲಿ?" ಎಂದ.